ಬರೆದವಳು ಜೂಲಿಯೆಟ್

ಕಟ್ಟರಿನ ಅಲಗು ನನ್ನ ಗಂಟಲಿಗೆ ತಾಗಿತ್ತು.

ಹಿಂದೆ ಗೋಡೆ. ಗೋಡೆಗೂ ನನ್ನ ಬೆನ್ನಿಗೂ ನಡುವೆ ಒಬ್ಬಳು ರಾಣಿ.

"ಸೈಡಿಗೆ ಬನ್ನಿ, ವ್ಯಾಲೆಂಟೈನ್," ಎಂದ ತಾಹಿರ್. "ಒಂದು ಸಾಲು ಕೆರೆದರೆ ಖಲಾಸ್. ನಿಮಗೇನು ನಷ್ಟ ಮಾರಾಯ್ರೆ?"

ನಷ್ಟ ಆಮೇಲೆ. ಮೊದಲು ನನ್ನ ಮಾನ ಹೋದ ಕತೆ ಕೇಳಿ.

ತಾಹಿರ್ ನಮ್ಮ ಮಂಗಳೂರಿನವನೇ. ದೋಹಾದಲ್ಲಿ ಹಳೆಯ ಚಿತ್ರಗಳ ವ್ಯಾಪಾರ. ಅವನ ಪೇಪರ್ ತಕರಾರು ಬಿಡಿಸುವವನು ನಾನು. ಅಬು ಹಮೂರಿನ ಅವನ ವಿಲ್ಲಾಕ್ಕೆ ಈ ಪಟ ಬಂತು. ಕರಾವಳಿಯ ಯಾವುದೋ ಸಣ್ಣ ಸಂಸ್ಥಾನದ ರಾಣಿ. ಯಾರ ಕೈಕೆಲಸ? ಯಾರೋ ದೊಡ್ಡ ಯುರೋಪಿಯನ್‌ನದು ಎಂದ ತಾಹಿರ್. ತನ್ನ ಮುತ್ತಜ್ಜಿ ಜೂಲಿಯೆಟ್‌ಳದು ಎಂದರು ಇಲ್ಲೇ ಅಲ್ ವುಕೈರಿನಲ್ಲಿರುವ ನಮ್ಮೂರಿನ ಎಡ್ನಾ ಬಾಯಿ. ಅವರ ಮಾತಿಗೆ ಎಲ್ಲರೂ ನಕ್ಕರು.

ಪಟದ ಬೆನ್ನಿಗೆ ಕನ್ನಡದಲ್ಲಿ ಒಂದೇ ಸಾಲು: 'ಬರೆದವಳು ಜೂಲಿಯೆಟ್.'

ಕೊಳ್ಳುವವರ ಏಜೆಂಟ್ ಕೆನೆತ್ ಇಲ್ಲೇ ಬೆಳೆದವನು. ಕನ್ನಡ ಓದಲು ಬಾರದು.

"ಅರ್ಥ ಏನು ಅಂಕಲ್?"

"ರಿಟನ್ ಬೈ ಜೂಲಿಯೆಟ್," ಎಂದೆ, ಎದೆ ಸೆಟೆಸಿ.

"ಓ... ಹಾಗಾದರೆ ಅವಳು ಲೇಬಲ್ ಬರೆದ ಕ್ಲರ್ಕ್."

ತಾಹಿರ್ ಸಣ್ಣಗೆ ನಕ್ಕ. ಅವನಿಗೆ ಸರಿಯಾದ ಅರ್ಥ ಗೊತ್ತಿತ್ತು. ಆ ಅನುವಾದದ ಕಾಗದಕ್ಕೆ ನಾನು ಸಹಿ ಹಾಕಿದೆ.

ಸಂಜೆ ಎಡ್ನಾ ಬಾಯಿಯ ಫೋನು. "ಚಿತ್ರವನ್ನು ಬರೆಯದೆ ಮತ್ತೇನು, ಬೇಯಿಸ್ತಾರಾ ಮಗಾ?"

ನನ್ನ ಕಿವಿ ಬಿಸಿಯಾಯಿತು. ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು 'ಆನೆ ಬರಿ' ಎಂದೇ ಬೆತ್ತ ಬೀಸುತ್ತಿದ್ದರು. ಆದರೂ ಎಂಟು ದಿನ ತುಟಿ ಬಿಚ್ಚಲಿಲ್ಲ. ಹನ್ನೊಂದು ವರ್ಷದಿಂದ ಇಲ್ಲಿನ ಕನ್ನಡ ಸಂಘದ ಪ್ರಬಂಧ ಸ್ಪರ್ಧೆಗೆ ನಾನೇ ಜಡ್ಜ್! ತಪ್ಪು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಒಬ್ಬ ಸತ್ತ ಹೆಂಗಸಿನ ಹೆಸರಿಗಿಂತ ನನ್ನ ಹೆಸರು ದೊಡ್ಡದಾಯಿತು. ನಾಚಿಕೆಗೇಡು.

ಇವತ್ತು ಪಟ ಕಳಿಸುವ ದಿನ. ಮುಂದೆ ಕನ್ನಡ ಬಲ್ಲವರು ಯಾರೂ ಓದದಂತೆ ತಾಹಿರ್ ಆ ಸಾಲನ್ನೇ ಕೆರೆಯಲು ಬಂದ. ಆಗ ಅಡ್ಡ ನಿಂತೆ.

"ಯಲ್ಲಾ, ಬೇಗ ಸರೀರಿ," ಎಂದ.

ಅಲಗನ್ನು ಅಂಗೈಯಲ್ಲಿ ಹಿಡಿದೆ. ರಕ್ತ ಇಳಿಯಿತು. ಮೊಣಕಾಲು ಎತ್ತಿ ಅವನ ಹೊಟ್ಟೆಗೆ ಕೊಟ್ಟೆ. ರಾಣಿಯನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಕಾರಿಗೆ ಓಡಿದೆ.

ಮಟಮಟ ಮಧ್ಯಾಹ್ನ. ಕನ್ನಡಿಯಲ್ಲಿ ಅವನ ಲ್ಯಾಂಡ್ ಕ್ರೂಸರ್. ಒಂದು ರೌಂಡ್‌ಅಬೌಟ್... ಎರಡು... ಸ್ಟಿಯರಿಂಗ್ ರಕ್ತದಲ್ಲಿ ಜಾರುತ್ತಿತ್ತು. ಅಲ್ ಥುಮಾಮಾದಲ್ಲಿ ಕೆನೆತ್‌ನ ಆಫೀಸಿನ ಮೆಟ್ಟಿಲಿಗೇ ಬಂಪರ್ ತಾಗಿಸಿ ನಿಲ್ಲಿಸಿದೆ.

ಎಲ್ಲ ಹೇಳಿದೆ. ಕೆನೆತ್ ನನ್ನ ಕೈ ನೋಡಿದ, ಪಟ ನೋಡಿದ.

"ಲಾಸ್ಟ್ ವೀಕ್ ರಿಟನ್. ಇವತ್ತು ಪೇಂಟೆಡ್. ಯಾವ ಅಂಕಲ್ ಸರಿ?"

"ಇವತ್ತಿನವನು."

"ಹಾಗಾದರೆ ರೈಟಿಂಗಲ್ಲಿ ಕೊಡಿ. ಯಾಕೆ ತಪ್ಪಾಯ್ತು ಅಂತಲೂ."

ಬಾಗಿಲಲ್ಲಿ ತಾಹಿರ್ ಏದುಸಿರು ಬಿಡುತ್ತಿದ್ದ. "ಕೊಡಿ, ಕೊಡಿ. ಸಂಘಕ್ಕೆ ಒಂದು ಕಾಪಿ ನಾನು ಕಳಿಸ್ತೇನೆ."

ಪೆನ್ನು ತೆಗೆದುಕೊಂಡೆ. 'ಬರೆಯುವುದು ಎಂದರೆ ಚಿತ್ರ ಬಿಡಿಸುವುದೂ ಹೌದು. ನನಗೆ ಹೊಳೆಯಲಿಲ್ಲ.' ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 'ಹೊಳೆದ ಮೇಲೂ ಎಂಟು ದಿನ ಸುಮ್ಮನಿದ್ದೆ' ಎಂದು ಸೇರಿಸಿ ಸಹಿ ಹಾಕಿದೆ.

ಈ ಶುಕ್ರವಾರ ಸಂಘದ ಸ್ಪರ್ಧೆ. ವಿಷಯ: 'ಹೊರನಾಡಿನಲ್ಲಿ ಕನ್ನಡ ಉಳಿಸುವುದು ಹೇಗೆ?'

ಜಡ್ಜ್ ಬದಲಾಗಿದ್ದಾರೆ.