ದಿನಾ ಒಂದಿಷ್ಟು ದೂರ

"ಏ... ಯಾರ್ರಿ ಅದು? ಮಲಗಿದ ಮನಿ ಗೋಡಿಗೆ ಕುರಿ ತಂದು ನಿಲ್ಸೀರಲ್ಲ, ಬುದ್ಧಿ ಐತೇನು!"

ಕಿಟಕಿಯನ್ನು ದಢಾರನೆ ತೆಗೆದು ಸುಮಲತಾ ಕೂಗಿದಳು. ಮಾಗಳದ ಅವರ ಹೊಲದಮನೆಯ ಹಿಂದೆ ಬಲೆಯ ದೊಡ್ಡಿ ಎದ್ದಿತ್ತು. ಒಳಗೆ ಕುರಿಗಳು ಒಂದೇ ಸಮನೆ ಅರಚುತ್ತಿದ್ದವು. ಕಂಬಳಿ ಹೊದ್ದ ಯುವಕನೊಬ್ಬ ತಿರುಗಿ ನೋಡಿದ.

"ಇನ್ನಾ ಮಲಗೀರೇನ್ರಿ? ಬಿಸಿಲು ಏರಾಕತ್ತೈತಿ!"

ಹೇಳಿದ್ದಲ್ಲದೆ ನಕ್ಕ ಬೇರೆ! ಸುಮಲತಾಳ ಮೈಯೆಲ್ಲ ಉರಿದುಹೋಯಿತು. ಕಿಟಕಿ ಮುಚ್ಚಿದರೂ ಆ ನಗು ಮಾತ್ರ ಒಳಗೇ ಉಳಿದುಬಿಟ್ಟಿತು...

ಪಾಪ, ಅವನಿಗೇನು ಗೊತ್ತು? ಚಳಿಗಾಲ ಬಂತೆಂದರೆ ಸುಮಲತಾಳ ಮನಸ್ಸಿಗೆ ಮಂಕು ಕವಿಯುತ್ತಿತ್ತು. ಏಳಲು ಮನಸ್ಸಿಲ್ಲ, ಉಣ್ಣಲು ಮನಸ್ಸಿಲ್ಲ. ದುಪ್ಪಟಿಯೊಳಗೆ ಮೊಬೈಲ್ ನೋಡುತ್ತ ಹಗಲು ಕಳೆಯುತ್ತಿತ್ತು. ಹೋದ ವರ್ಷ ನೋಡಲು ಬಂದ ಗಂಡಿನವರು, "ಹುಡುಗಿಗೆ ಏನೋ ಐತಿ" ಎಂದು ಪಿಸುಗುಟ್ಟಿ ಎದ್ದುಹೋಗಿದ್ದರು.

'ನನ್ನಂಥವಳನ್ನ ಯಾರು ಮೆಚ್ತಾರ?' ಆ ಮಾತು ಅವಳೊಳಗೆ ಮುಳ್ಳಿನಂತೆ ಉಳಿದಿತ್ತು.

ಅವಳ ಅಪ್ಪ ಕರಿಸಿದ್ದಪ್ಪ ಮೆಕ್ಕೆಜೋಳ ಕೊಯ್ದ ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ನಿಲ್ಲಿಸಿದ್ದ. ಕುರಿಗಾರ ಹಲವಾಗಲಿನ ಯರ್ರಿಸ್ವಾಮಿ. ಕುರಿ ನಿಲ್ಲಿಸಿದಷ್ಟು ದಿನ ಮುಂಜಾನೆಯ ರೊಟ್ಟಿ ಹೊಲದವರ ಮನೆಯಿಂದಲೇ ಹೋಗಬೇಕು. ಅದು ಈ ಸೀಮೆಯ ಪದ್ಧತಿ.

"ನನ್ನ ಮೊಣಕಾಲು ಹಿಡದೈತಿ. ನೀನ ಕೊಟ್ಟು ಬಾ ಯವ್ವಾ," ಎಂದಳು ತಾಯಿ ಜಂಬಕ್ಕ.

ಸಿಡಿಮಿಡಿಗೊಳ್ಳುತ್ತಲೇ ಹೊರಟ ಸುಮಲತಾ ನಾಲ್ಕು ಹೆಜ್ಜೆಗೇ ಬದುವಿನ ಮೇಲೆ ಕುಸಿದಳು. ಯರ್ರಿಸ್ವಾಮಿ ಓಡಿಬಂದ.

"ಯಾಕ್ರಿ, ಏನಾತು?"

"ಏನಿಲ್ರಿ... ಚಳಿಗಾಲದಾಗ ನನ್ನ ಕೈಲಿ ಏನೂ ಮಾಡಾಕ ಆಗಂಗಿಲ್ಲ. ನಗಬ್ಯಾಡ್ರಿ."

ಅವನು ಈ ಸಲ ನಗಲಿಲ್ಲ. "ನಮ್ಮ ಅಕ್ಕಗೂ ಹಿಂಗ ಆಗ್ತಿತ್ರಿ," ಎಂದಷ್ಟೇ ಹೇಳಿ ಬಿಸಿಲಿನ ಕಡೆ ಕಂಬಳಿ ಹಾಸಿದ. "ಇಲ್ಲಿ ಕುಂತು ಒಂದು ರೊಟ್ಟಿ ತಿನ್ರಿ. ನನಗೂ ಒಬ್ಬನ ತಿನ್ನಾಕ ಬ್ಯಾಸರ."

ಮರುದಿನವೂ ಅವಳು ಹೋದಳು. ಅದರ ಮರುದಿನವೂ! ಎಳೆಬಿಸಿಲಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮುಗಿಯದ ಮಾತು. ಮುಂಜಾನೆ ಬೇಗ ಏಳಬೇಕೆಂದು ರಾತ್ರಿ ಮೊಬೈಲ್ ದೂರವಿಟ್ಟು ಮಲಗತೊಡಗಿದಳು. ತಾನೇ ರೊಟ್ಟಿ ತಟ್ಟತೊಡಗಿದಳು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಷ್ಟು ಉಮೇದು ಬಂತು. ಕುರಿ ಹಿಕ್ಕೆಯ ವಾಸನೆಯ ನಡುವೆ ಪ್ರೀತಿ ಹುಟ್ಟುತ್ತದೆಯೇ ಎಂದು ಮೂಗು ಮುರಿಯಬೇಡಿ, ಹುಟ್ಟಿತು!

ಆದರೆ ಒಂದು ವಿಚಿತ್ರ. ದೊಡ್ಡಿ ದಿನದಿನಕ್ಕೆ ಮನೆಯಿಂದ ದೂರ ಸರಿಯುತ್ತಿತ್ತು.

'ಗೊಬ್ಬರ ಹೊಲಕ್ಕೆಲ್ಲ ಬೀಳಬೇಕಲ್ಲ' ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಒಂದು ಮುಂಜಾನೆ ಅಪ್ಪನ ಗೊಣಗಾಟ ಕಿವಿಗೆ ಬೀಳುವವರೆಗೆ.

"ಎಂಥಾ ಕುರಿಗಾರನ ಇವ! ಎಲ್ಲಾರೂ ದೂರದ ಮೂಲಿಂದ ಶುರು ಮಾಡಿ ಮನಿ ಕಡೆ ಬರ್ತಾರ. ಇಂವ ಮನಿ ಬಿಟ್ಟು ಹಿಂದ ಹಿಂದ ಹೊಂಟಾನ. ನೀರಿನ ಬೋರು ಇರೋದು ಇಲ್ಲಿ. ದಿನಾ ಅಷ್ಟು ದೂರ ಕೊಡ ಹೊರ್ತಾನ. ಹೇಳಿದ್ರ ಕೇಳವಲ್ಲ! ನಾಳೆ ಇಟ್ಟಿಗಿ ಊರಿಗೆ ಹೊಂಟಾನಂತ, ಹೋಗ್ಲಿ ಬಿಡು."

ಸುಮಲತಾ ಕಟ್ಟುತ್ತಿದ್ದ ರೊಟ್ಟಿ ಬುತ್ತಿಯನ್ನು ಅಲ್ಲೇ ಬಿಟ್ಟಳು. ನೀರು ಹೊತ್ತು ಬೆನ್ನು ಮುರಿದುಕೊಂಡರೂ ಸರಿ, ನನ್ನಿಂದ ದೂರ ಇರಬೇಕು ಅಂತಲೇ? ಅವನಿಗೂ ನಾನು ಸಾಕಾದೆನೇ?

ಹಾಸಿಗೆ ಕರೆಯಿತು. ಹೋಗಿ ಮಲಗಿದಳು. ದುಪ್ಪಟಿಯನ್ನು ಮುಖದವರೆಗೆ ಎಳೆದಳು. ಕಣ್ಣೀರು ಹರಿಯಿತು, ಹಿಂದೆಯೇ ಸಿಟ್ಟೂ ಬಂತು. ಕೇಳಿಯೇ ಬಿಡುತ್ತೇನೆ! ದುಪ್ಪಟಿ ಒದ್ದು ಎದ್ದವಳು ಬರಿಗೈಯಲ್ಲೇ ಹೊಲಕ್ಕೆ ಓಡಿದಳು.

ಹೊಲದ ಕಟ್ಟಕಡೆಯ ಮೂಲೆಯಲ್ಲಿ ಯರ್ರಿಸ್ವಾಮಿ ಬಲೆ ಬಿಚ್ಚುತ್ತಿದ್ದ.

"ನನ್ನ ಕಂಡ್ರ ಅಷ್ಟು ಬ್ಯಾಸರ ಆಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು! ದಿನಾ ಒಂದಿಷ್ಟು ದೂರ ಯಾಕ ಓಡಬೇಕಿತ್ತು?"

ಅವನು ಬೆಪ್ಪಾಗಿ ನಿಂತ. "ನಾನು... ಓಡಿದ್ನಾ?"

"ಮತ್ತೇನು? ಅಪ್ಪ ಎಲ್ಲಾ ಹೇಳ್ಯಾನ!"

"ಸುಮಾ ಅವರ, ಒಂದ್ಸಲ ತಿರುಗಿ ಮನಿ ನೋಡ್ರಿ."

ಸಿಟ್ಟಿನಲ್ಲೇ ತಿರುಗಿದಳು. ಅಷ್ಟು ದೂರದಲ್ಲಿ ಮನೆ ಅಂಗೈಯಷ್ಟು ಕಾಣುತ್ತಿತ್ತು.

"ಮೊದಲನೇ ದಿನ ನಾಲ್ಕು ಹೆಜ್ಜೆಗೇ ಕುಂತ್ರಿ. ಬಿಸಿಲಾಗ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡೀಬೇಕು ಅಂತ ಅಕ್ಕಗ ಡಾಕ್ಟರು ಹೇಳಿದ್ರು. ನಡೀರಿ ಅಂದ್ರ ನೀವು ನಡೀತಿದ್ರೇನು? ಅದಕ್ಕ ದೊಡ್ಡೀನ ಸರಿಸಿದೆ. ಇವತ್ತು ನೋಡ್ರಿ, ಇಷ್ಟು ದೂರ ಓಡಿ ಬಂದು ಜಗಳಾನೂ ಮಾಡಾಕತ್ತೀರಿ!"

ಸುಮಲತಾ ಮನೆಯಿಂದ ದೊಡ್ಡಿಯವರೆಗಿನ ದಾರಿಯನ್ನೊಮ್ಮೆ ಕಣ್ಣಲ್ಲೇ ಅಳೆದಳು. ತನಗಾಗಿ ಇವನು ಕಲಿತ ಕಸುಬನ್ನೇ ಹಿಂದುಮುಂದು ಮಾಡಿದ್ದ. ಅಪ್ಪನ ಕೈಲಿ ಬೈಸಿಕೊಂಡಿದ್ದ.

"ಕರುಣಿಯಿಂದ ಮಾಡಿದ್ರೇನು?" ಅವಳು ಕೇಳಿದಳು.

"ಮೊದಲನೇ ದಿನ ಹಂಗ ಇತ್ತೇನೋ. ಆಮ್ಯಾಲ... ನೀವು ಬರೋ ದಾರಿ ಉದ್ದ ಇದ್ದಷ್ಟೂ ನಿಮ್ಮನ್ನ ಜಾಸ್ತಿ ಹೊತ್ತು ನೋಡಬಹುದಿತ್ತು."

"ಮುಂದಿನ ಚಳಿಗಾಲಕ್ಕ ಮತ್ತ ಹಿಂಗ ಆಗ್ತೈತ್ರಿ. ನಾನು ಏಳಂಗಿಲ್ಲ, ನಗಂಗಿಲ್ಲ. ಆವಾಗ?"

"ಎಬ್ಬಸ್ತೀನಿ. ಏಳದಿದ್ರ ಬಾಜೂಕ ಕುಂತಿರ್ತೀನಿ. ಅಕ್ಕಗ ತೋರಿಸಿದ ಡಾಕ್ಟರು ಅದಾರ, ಅಲ್ಲಿಗೂ ಹೋಗಿ ಬರೋಣ. ಇಟ್ಟಿಗಿ ಹೊಲದಾಗ ಕುರಿ ನಿಲ್ಸೋ ಮಾತು ಮುಗಿಸಿ ನಮ್ಮವ್ವನ್ನ ಕರಕೊಂಡು ಬರ್ತೀನಿ. ಬರಲೇನು?"

ಅವಳು ಕಣ್ಣೊರೆಸಿಕೊಂಡು ಮೊದಲ ಬಾರಿಗೆ ಏಕವಚನದಲ್ಲಿ ಅಂದಳು, "ಬಾ... ಲಗೂನ ಬಾ."

ಅವನ ಮುಖ ಕೆಂಪಾಯಿತು. ಅವಳ ಬರಿಗೈ ನೋಡಿದ.

"ರೊಟ್ಟಿ ತಂದಿಲ್ಲ? ಭಾಳ ಹಸಿವಾಗೈತಿ, ಸುಮಾ."

"ನನಗೂ!" ಎಂದಳು ಸುಮಲತಾ. ಅಂದ ಮೇಲೆ ತಾನೇ ಬೆರಗಾದಳು. ಚಳಿಗಾಲದಲ್ಲಿ ಹಸಿವಿನ ಮಾತು ಅವಳ ಬಾಯಿಂದ ಬಂದಿದ್ದು ಅದೇ ಮೊದಲು.