ಮಣ್ಣಾದ ಅಂಗಿ

ಜೂನ್ ಮೊದಲ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕರಡಗೇರಾ ಕೋರ್ಟಿನ ಶಿರಸ್ತೇದಾರರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕೊಲೆ ಖಟ್ಲೆಯೊಂದರ ಮುದ್ದೆಮಾಲು, ಅಂದರೆ ಪೊಲೀಸರು ಜಪ್ತಿ ಮಾಡಿ ಕೋರ್ಟಿಗೆ ಒಪ್ಪಿಸಿದ್ದ ರಕ್ತದ ಕಲೆಯ ಅಂಗಿ, ಬೀಗ ಹಾಕಿದ ಕೋಣೆಯಿಂದ ಕಾಣೆಯಾಗಿತ್ತು.

ಖಟ್ಲೆಯ ಹೆಸರು ಓದಿದ ಇನ್‌ಸ್ಪೆಕ್ಟರ್ ಭಗವಂತರಾಯರು ಅದನ್ನು ಮತ್ತೊಮ್ಮೆ ಓದಿದರು. ಕಾಲುವೆಯ ಗೇಟು ಕಾಯುತ್ತಿದ್ದ ಮೌನಪ್ಪನ ಕೊಲೆ. ಆರೋಪಿ ಶರಣಕುಮಾರ, ಶಾಸಕರ ಸ್ವಂತ ತಮ್ಮ. ತನ್ನ ಭತ್ತದ ಗದ್ದೆಗೆ ಕೇಳಿದಾಗ ನೀರು ಬಿಡಲಿಲ್ಲವೆಂದು ಹೊಡೆದು ಕೊಂದ ಎಂಬುದು ಆರೋಪ. ಕಣ್ಣಾರೆ ಕಂಡವರೆಲ್ಲ ಒಬ್ಬೊಬ್ಬರಾಗಿ ಉಲ್ಟಾ ಹೊಡೆದಿದ್ದರು. ಉಳಿದದ್ದು ಆರೋಪಿಯ ಮೈಮೇಲಿದ್ದ ಆ ಅಂಗಿಯೊಂದೇ. ಅದನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿ ಎಂದು ನ್ಯಾಯಾಧೀಶರು ಆದೇಶ ಮಾಡಿದ್ದರು. ಆದೇಶದ ಶಾಯಿ ಆರುವ ಮೊದಲೇ ಅವರಿಗೆ ವರ್ಗವಾಯಿತು. ಈಗ ಅಂಗಿಯೂ ಇಲ್ಲವೆಂದರೆ, ಮೌನಪ್ಪನ ಹೆಂಡತಿ ಸಾಯಬಮ್ಮ ಇಷ್ಟು ದಿನ ಕೋರ್ಟಿಗೆ ಅಲೆದದ್ದೆಲ್ಲ ನೀರಲ್ಲಿ ಹೋಮ ಮಾಡಿದಂತೆಯೇ.

ಭಗವಂತರಾಯರ ಫಜೀತಿ ಬೇರೆ. ಅವರನ್ನು ಈ ಠಾಣೆಗೆ ತಂದದ್ದೇ ಶಾಸಕರ ಶಿಫಾರಸು. ಅದಿಲ್ಲದೆ ಯಾವ ಇನ್‌ಸ್ಪೆಕ್ಟರಿಗೆ ಎಲ್ಲಿ ಕುರ್ಚಿ ಸಿಗುತ್ತದೆ, ನೀವೇ ಹೇಳಿ.

ಆದರೂ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹೆಡ್ ಕಾನ್‌ಸ್ಟೆಬಲ್ ಜಲಾಲುದ್ದೀನ ಇಬ್ಬರು ಪಂಚರನ್ನು ಕರೆತಂದ. ಕೋಣೆಯ ಪಂಚನಾಮೆ ಆಯಿತು. ಬೀಗ ಮುರಿದಿಲ್ಲ, ಕಿಟಕಿಯ ಸರಳು ಅಲುಗಿಲ್ಲ. ಬೀಗದ ಕೈ ಇರುತ್ತಿದ್ದದ್ದು ಗುಮಾಸ್ತ ಮಲ್ಲಣ್ಣನ ಬಳಿ. ಹಣೆ ತುಂಬ ವಿಭೂತಿ, ನಿವೃತ್ತಿಗೆ ಹತ್ತಿರವಾದ ವಯಸ್ಸು, ಯಾರ ತಂಟೆಗೂ ಹೋಗದ ಮನುಷ್ಯ.

“ಅಂಗಿ ಎಲ್ಲಿ ಹೋತ್ರಿ ಮಲ್ಲಣ್ಣ?”

“ಸುಟ್ಟು ಹೋಗ್ಯದ್ರಿ ಸಾಹೇಬ್ರ. ಮುಗಿದ ಖಟ್ಲೆ ಮಾಲು ಕೋರ್ಟಿನ ಹಿಂದ ಸುಡ್ತೀವಲ್ರಿ, ಅದರಾಗ ಕೂಡಿ ಹೋತು.”

“ಸುಟ್ಟವರು ಯಾರು?”

“ನಾನೇ ರಿ. ಕಣ್ತಪ್ಪಿ ಆತು.”

ಕಣ್ತಪ್ಪಿಗೆ ಶಿಕ್ಷೆಯಾದರೂ ಏನು, ಒಂದು ನೋಟಿಸು, ಒಂದು ಬೈಗುಳ. ಕತೆ ಚೆನ್ನಾಗಿಯೇ ಇತ್ತು.

ಸಂಜೆ ಶಾಸಕರ ಪಿಎ ಸುನೀಲಕುಮಾರ ಠಾಣೆಗೆ ಬಂದು, ಯಾರೂ ಕೂಡು ಅನ್ನದಿದ್ದರೂ ಕುಳಿತ.

“ಕಣ್ತಪ್ಪಿ ಸುಟ್ಟದ ಅಂತ ಬರದು ಮುಗಸ್ರಿ ಸಾಹೇಬ್ರ. ಪಾಪ, ಮುದುಕ ಮನಷ್ಯಾ.”

“ಸುಟ್ಟದ್ದು ನಿಮಗ ಯಾರು ಹೇಳಿದ್ರು?”

ಸುನೀಲಕುಮಾರ ನಕ್ಕ. “ನಿಮ್ಮ ಮಕ್ಕಳಿಗಿ ಮೊನ್ನೆರ ಶಾಲಿ ಸುರು ಆಗ್ಯದ. ಈಗ ಬ್ಯಾರೆ ಊರು ಅಂದ್ರ ತ್ರಾಸ ನೋಡ್ರಿ.” ಅಷ್ಟು ಹೇಳಿ ಎದ್ದು ಹೋದ.

ಭಗವಂತರಾಯರಿಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಬೇಕು. ಹೆದರಿಕೆಯ ಹಿಂದೆಯೇ ಸಿಟ್ಟೂ ಬಂತು, ಅರ್ಧ ಆ ಪುಣ್ಯಾತ್ಮನ ಮೇಲೆ, ಅರ್ಧ ತಮ್ಮ ಮೇಲೆ.

ಗುರುವಾರ ಮಲ್ಲಣ್ಣನನ್ನು ಮತ್ತೆ ಕರೆಸಿದರು. ಅವರ ಮನಸ್ಸಿನಲ್ಲಿ ಒಂದು ಸಂಶಯ ಹೊಕ್ಕಿತ್ತು. ಅವರೂ ಮಲ್ಲಣ್ಣನಂತೆ ಲಿಂಗವಂತರೇ. ಅವರ ಮನೆಗಳಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಕೊಡುತ್ತಾರೆ. ಸತ್ತವನ ರಕ್ತ ಹತ್ತಿದ ಬಟ್ಟೆಗೆ ಈ ಮನುಷ್ಯ ಕಡ್ಡಿ ಗೀರಿದನೇ?

“ಕೊರಳಾಗಿನ ಲಿಂಗ ಹಿಡದು ‘ಸುಟ್ಟೀನಿ’ ಅನ್ರಿ, ನಿಮ್ಮನ್ನ ಈಗ ಮನಿಗಿ ಕಳಸ್ತೀನಿ.”

ಮಲ್ಲಣ್ಣನ ಕೈ ಎದೆಯ ತನಕ ಹೋಯಿತು. ಲಿಂಗ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಅಳತೊಡಗಿದ.

“ಶಾಸಕರ ಪಿಎ ಸುಡು ಅಂದಿದ್ದರಿ. ಮನಷ್ಯಾನ ರಕ್ತರಿ ಅದು, ಕಸ ಅಲ್ಲ. ಕೈ ಬರಲಿಲ್ಲ. ಮಣ್ಣು ಮಾಡೀನ್ರಿ.”

ಪಂಚರ ಎದುರು ಅವನೇ ಜಾಗ ತೋರಿಸಿದ. ರುದ್ರಭೂಮಿಯಲ್ಲಿ, ಅವನಪ್ಪನ ಸಮಾಧಿಯ ಪಕ್ಕದಲ್ಲಿ. ಜಲಾಲುದ್ದೀನ ಅಗೆದ. ಒಂದು ಮಡಕೆ, ಅದರೊಳಗೆ ವಿಭೂತಿ, ಒಣಗಿದ ಬಿಲ್ವಪತ್ರೆ, ಹೊಸ ಬಿಳಿ ಬಟ್ಟೆ, ಬಟ್ಟೆಯೊಳಗೆ ಅಂಗಿಯ ಪೊಟ್ಟಣ. ಅರಗಿನ ಮೊಹರು ಒಡೆದಿರಲಿಲ್ಲ.

ಜಲಾಲುದ್ದೀನ ಗುದ್ದಲಿ ಕೆಳಗಿಟ್ಟು ಇನ್‌ಸ್ಪೆಕ್ಟರರ ಮುಖ ನೋಡಿದ. “ಬರೀಲೇನ್ರಿ ಸಾಹೇಬ್ರ, ಇಲ್ಲಾ ಕುಣಿ ಮುಚ್ಚಲಿ?”

ಪಂಚರು ಬೇರೆ ಕಡೆ ನೋಡುತ್ತ ನಿಂತಿದ್ದರು. ಅವರೂ ಇದೇ ಊರಿನಲ್ಲಿ ಬಾಳಬೇಕಾದವರು. ಮುಚ್ಚು ಎಂದಿದ್ದರೆ ಒಂದು ನರಪಿಳ್ಳೆಯೂ ಬಾಯಿ ಬಿಡುತ್ತಿರಲಿಲ್ಲ. ಭಗವಂತರಾಯರಿಗೆ ಹೊಸ ಚೀಲ ಹಾಕಿಕೊಂಡು ಶಾಲೆಗೆ ಹೊರಟ ಮಕ್ಕಳು ಕಣ್ಣ ಮುಂದೆ ಬಂದರು.

“ಬರಿ,” ಎಂದರು. “ಮೊಹರು ಗಟ್ಟಿ ಅದ ಅಂಬುದು ಮೊದಲು ಬರಿ.”

ಮಧ್ಯಾಹ್ನ ಮಲ್ಲಣ್ಣನ ಬಂಧನವಾಯಿತು. ಹೇಳಿಕೆ ಬರೆಯುವಾಗ ಭಗವಂತರಾಯರು ಕೇಳಿದರು:

“ಸುನೀಲಕುಮಾರ ನಿಮಗ ಅಂಜಿಸಿದನೇನು?”

“ಇಲ್ರಿ. ಮನಿಗಿ ಬಂದ, ಚಾ ಕುಡದ. ‘ನಿಮ್ಮ ಜಡ್ಜ್ ಸಾಹೇಬ್ರು ಈ ವಾರ ಹೋಗ್ತಾರ, ಆ ಅಂಗಿ ಸುಟ್ಟಬಿಡು’ ಅಂದ. ಸಾಹೇಬ್ರು ಅದೇ ವಾರ ಹೋದ್ರು ನೋಡ್ರಿ. ಅಂಥವ್ರನ್ನಾ ಎತ್ತಿ ಒಗದ್ರು, ನಾ ಯಾವ ಗಿಡದ ತಪ್ಪಲ್ರಿ?”

“ಅವ್ರಿಗಿ ಮೂರು ವರ್ಷ ಮುಗಿದಿತ್ತು. ಬ್ಯಾಸಿಗ್ಯಾಗ ಹೈಕೋರ್ಟಿನಿಂದ ವರ್ಗದ ಪಟ್ಟಿ ವರ್ಷಾ ಬರ್ತದ. ಕೋರ್ಟಿನಾಗ ಇದ್ದವರು, ನಿಮಗ ಇದು ಗೊತ್ತಿಲ್ಲೇನು?”

“ಗೊತ್ತಿತ್ರಿ.” ಮಲ್ಲಣ್ಣ ಕಣ್ಣೊರೆಸಿಕೊಂಡ. “ಆದ್ರೂ ಅಂವ ಅಂದಂಗ ಆತಲ್ರಿ.”

ಶಾಸಕರ ಕೈ ನ್ಯಾಯಾಧೀಶರ ಕುರ್ಚಿಯ ತನಕ ಮುಟ್ಟುತ್ತದೆಂದು ಮಲ್ಲಣ್ಣ ನಂಬಿದ್ದ. ಇಡೀ ತಾಲೂಕು ನಂಬಿತ್ತು. ನಿನ್ನೆಯ ತನಕ ಭಗವಂತರಾಯರೂ ಅದೇ ನಂಬಿಕೆಯ ಮೇಲೆ ನೌಕರಿ ಮಾಡಿದ್ದರು. ಎರಡನೇ ಆರೋಪಿಯೆಂದು ಸುನೀಲಕುಮಾರನ ಹೆಸರು ಬರೆಸಿ ಸಹಿ ಹಾಕಿದರು.

ಮಲ್ಲಣ್ಣನನ್ನು ಕೋರ್ಟಿಗೆ ಹಾಜರುಪಡಿಸಲು ಹೋದಾಗ ಸಾಯಬಮ್ಮ ಮೆಟ್ಟಿಲ ಬಳಿ ಕೂತಿದ್ದಳು.

“ಅಂಗಿ ಸಿಕ್ತು ಯವ್ವಾ. ಮೊಹರು ಹಂಗಾ ಅದ,” ಎಂದರು ಭಗವಂತರಾಯರು.

ಅವಳ ಮುಖ ಅರಳಲಿಲ್ಲ. “ಹೊಸಾ ಜಡ್ಜ್ ಎಷ್ಟು ದಿನ ಇರ್ತಾರ್ರಿ?”

“ಗೊತ್ತಿಲ್ಲವ್ವಾ.”

“ನೀವ್ರಿ?”

“ಅದೂ ಗೊತ್ತಿಲ್ಲ. ಅದಕ್ಕಾ ಅಂಗಿ ಇವತ್ತೇ ಪರೀಕ್ಷಾಕ್ಕ ಕಳಸಾಕತ್ತೇನಿ.”