ಮೂರು ತಲೆಗೆ ಒಂದೇ ಹೊಟ್ಟೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಏರುಗಲ್ಲು ಎಂಬ ನಾಡಿತ್ತು. ಅಲ್ಲಿ ರಾಜನಿರಲಿಲ್ಲ, ಮೂರು ಮನೆಗಳಿದ್ದವು. ಶಾಸನದ ಮನೆಯವರು ಕಟ್ಟಳೆ ಮಾಡುತ್ತಿದ್ದರು, ಆಡಳಿತದ ಮನೆಯವರು ಅದನ್ನು ನಡೆಸುತ್ತಿದ್ದರು, ನ್ಯಾಯದ ಮನೆಯವರು ಸರಿ ತಪ್ಪು ನೋಡುತ್ತಿದ್ದರು. ಒಬ್ಬರ ಒಲೆಯ ಅನ್ನವನ್ನು ಇನ್ನೊಬ್ಬರು ಉಣ್ಣಬಾರದು ಎಂಬುದು ಮೂವರಿಗೂ ಹಾಕಿದ್ದ ಕಟ್ಟು. ಉಂಡ ಮನೆಯವರ ತಪ್ಪು ಎತ್ತಿ ಆಡಲು ಯಾರಿಗೆ ತಾನೇ ನಾಲಗೆ ಏಳುತ್ತದೆ?

ಒಂದು ಹಬ್ಬಕ್ಕೆ ಕವಳಾಸುರನೆಂಬ ಮಾಯಾವಿ ಬಂದು ಮೂರು ಮನೆಯ ಹಿರಿಯರನ್ನೂ ಊಟಕ್ಕೆ ಕರೆದ. ತುಪ್ಪದ ಘಮಕ್ಕೆ ದೊಡ್ಡವರು ಕಟ್ಟು ಮರೆತರು. ಒಂದೇ ಹಂಡೆಯ ಪಾಯಸ ಕುಡಿದರು. ಬೆಳಗಾಗುವಷ್ಟರಲ್ಲಿ ಮಾಯಾವಿ ತನ್ನ ತಲೆಯನ್ನು ತಾನೇ ಕಿತ್ತೆಸೆದು, ಅವರ ತಲೆಗಳನ್ನು ತನ್ನ ಹೆಗಲ ಮೇಲೆ ನೆಟ್ಟುಕೊಂಡಿದ್ದ. ಅಂದಿನಿಂದ ಮೂರು ತಲೆಗೂ ಒಂದೇ ಹೊಟ್ಟೆ. ಆ ಹೊಟ್ಟೆಗೆ ಬೇಡವಾದದ್ದನ್ನು ಯಾವ ಬಾಯಿಯೂ ಆಡುತ್ತಿರಲಿಲ್ಲ. ಆ ತಲೆಗಳು ಏನು ಹೇಳಿದರೂ ಜನ “ತಮ್ಮ ಚಿತ್ತ” ಎಂದು ಕೈಮುಗಿಯುವುದನ್ನು ಕಲಿತರು.

ಆ ಊರಿನ ಶಾಲೆಯಲ್ಲಿ ದೊಡ್ಡ ಮಕ್ಕಳಿಗೆ ಪಾಠ ಹೇಳುವವಳು ಸಾಂತಬ್ಬೆ. ‘ಮೂರು ಮನೆಗೆ ಮೂರು ಒಲೆ’ ಎಂಬ ಹಳೆಯ ಪಾಠವನ್ನು ವರ್ಷ ವರ್ಷವೂ ಬಾಯಿಪಾಠ ಮಾಡಿಸುತ್ತಿದ್ದಳು. ಅರ್ಥ ಹೇಳುವ ಗೋಜಿಗೆ ಮಾತ್ರ ಹೋಗುತ್ತಿರಲಿಲ್ಲ. ಜೀವ ಉಳಿಯಬೇಕಲ್ಲ! ಒಂದು ದಿನ ಕೇತಲೆ ಎಂಬ ಹುಡುಗಿ ಬೆರಳೆತ್ತಿ ಎದ್ದು ನಿಂತಳು.

“ಅಮ್ಮಾ, ಕಟ್ಟಳೆ ಮಾಡಿದವನೇ ನ್ಯಾಯಕ್ಕೂ ಕೂತರೆ, ಕಟ್ಟಳೆಯೇ ತಪ್ಪು ಅಂತ ಯಾರ ಹತ್ರ ಹೇಳೋದು?”

ಪ್ರಶ್ನೆ ಕೇಳಿದವರು, ಅಪ್ಪಣೆ ಮೀರಿದವರು ಕಲ್ಲಾಗತಕ್ಕದ್ದು ಎಂಬುದು ಆಗಿನ ಕಟ್ಟಳೆ. ಎತ್ತಿದ ಬೆರಳು ಮೊದಲು ಕಲ್ಲಾಯಿತು, ಆಮೇಲೆ ಪಾದ. ಕಾವಲಿನವರು ಅವಳನ್ನು ಮಾಯಾವಿಯ ಅಂಗಳಕ್ಕೆ ಹೊತ್ತೊಯ್ದು ನಿಲ್ಲಿಸಿದರು. ಅಲ್ಲಿ ಮೊದಲೇ ಕಲ್ಲಾಗಿ ನಿಂತಿದ್ದವರ ನೆತ್ತಿಯ ಮೇಲೆ ಕಾಗೆಗಳು ಕೂತಿದ್ದವು.

ಸಾಂತಬ್ಬೆ ಹಿಂದೆಯೇ ಓಡಿಬಂದು ಶಾಸನದ ತಲೆಯ ಮುಂದೆ ಅಡ್ಡಬಿದ್ದಳು. “ಇನ್ನೂ ಮಗು ಅದು. ಬಿಟ್ಟುಬಿಡಿ ಸ್ವಾಮಿ.”

“ಕಟ್ಟಳೆ ಮಾಡಿದ್ದಷ್ಟೇ ನಾನು. ಹಿಡಿದದ್ದು ಪಕ್ಕದವನು, ಅವನನ್ನ ಕೇಳು.”

“ತಮ್ಮ ಚಿತ್ತ,” ಎಂದಳು, ಅಭ್ಯಾಸಬಲ. ಮಾತು ಬಿದ್ದ ಕೂಡಲೇ ಕಲ್ಲು ಕೇತಲೆಯ ಮೊಣಕಾಲಿಗೆ ಏರಿತು.

ಆಡಳಿತದ ತಲೆ ಗದರಿತು. “ಹೇಳಿದ್ದನ್ನ ಮಾಡೋನು ನಾನು. ಸರಿಯೋ ತಪ್ಪೋ ನೋಡೋದು ಆ ಮುದುಕ.”

“ತಮ್ಮ ಚಿತ್ತ.” ಕಲ್ಲು ಸೊಂಟಕ್ಕೆ ಬಂತು.

ನ್ಯಾಯದ ತಲೆ ಕಣ್ಣು ತಗ್ಗಿಸಿತು. “ಕಟ್ಟಳೆಯಲ್ಲೇ ಹಾಗಿದೆಯಲ್ಲ ತಾಯಿ, ನಾನೇನು ಮಾಡ್ಲಿ? ಅದನ್ನ ಮಾಡಿದವನನ್ನೇ ಕೇಳು.”

ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ! ಆದರೂ ಹಾಳು ನಾಲಗೆ “ತಮ್ಮ ಚಿತ್ತ” ಎಂದೇಬಿಟ್ಟಿತು. ಕಲ್ಲು ಎದೆಗೇರಿತು.

“ಅಮ್ಮಾ,” ಕೇತಲೆಗೆ ಉಸಿರು ಕಟ್ಟುತ್ತಿತ್ತು. “ನೋಡಿ, ಮೂರೂ ಗಂಟಲು ಒಟ್ಟಿಗೇ ನುಂಗ್ತಾವೆ.”

ತಾನೇ ಹೇಳಿಕೊಟ್ಟ ಪಾಠ ಸಾಂತಬ್ಬೆಗೆ ಆಗ ಅರ್ಥವಾಯಿತು. ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಹಾಳುಬಿದ್ದಿದ್ದ ನ್ಯಾಯದ ಮನೆಗೆ ಓಡಿ, ತಣ್ಣಗಿದ್ದ ಒಲೆ ಹೊತ್ತಿಸಿ, ಒಂದು ಹಿಡಿ ನವಣೆ ಬೇಯಿಸಿ ತಂದಳು.

“ಇದು ನಿಮ್ಮ ಮನೆ ಒಲೆಯ ಅನ್ನ ಅಜ್ಜಾ, ಉಣ್ಣಿ.”

ಮುದುಕ ಅನ್ನದಿಂದ ಮುಖ ತಿರುಗಿಸಿದ. “ಉಂಡರೆ ನಾನು ಉಳಿಯೋಲ್ಲ ತಾಯಿ. ಈ ಹೊಟ್ಟೆ ಬಿಟ್ಟರೆ ನನಗೆ ಬೇರೆ ಮೈಯಿಲ್ಲ.”

“ಉಣ್ಣದಿದ್ದರೆ ಅವಳು ಉಳಿಯೋಲ್ಲ.”

ಹೊಟ್ಟೆ ಗುಡುಗಿತು. “ಚೆಲ್ಲು ಆ ಅನ್ನ! ಅಪ್ಪಣೆಯಾಗಿದೆ!” ಎಂದು ಉಳಿದೆರಡು ತಲೆಗಳು ಕಿರುಚಿದವು. ಅಂಗಳದಲ್ಲಿದ್ದವರೆಲ್ಲ ಅವಳ ಬಾಯಿಂದ “ತಮ್ಮ ಚಿತ್ತ” ಬರುವುದನ್ನೇ ಕಾದರು.

“ಚೆಲ್ಲೋಲ್ಲ,” ಎಂದಳು ಸಾಂತಬ್ಬೆ. ಅವಳ ಪಾದವೂ ಕಲ್ಲಾಯಿತು. ಆದರೆ ಅನ್ನ ಹಿಡಿದ ಕೈ ಕೆಳಗಿಳಿಯಲಿಲ್ಲ.

ಮುದುಕ ಅವಳನ್ನೇ ನೋಡಿದ. ಬಾಯಿ ತೆರೆದು ಉಂಡ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: “ಹುಡುಗಿಯದು ತಪ್ಪಿಲ್ಲ. ಈ ಕಟ್ಟಳೆಯೇ ತಪ್ಪು.”

ಬೇರೆ ಒಲೆಯ ಅನ್ನ ಆ ಹೊಟ್ಟೆಗೆ ದಕ್ಕಲಿಲ್ಲ. ಅದು ಬಿರಿದು ಕವಳಾಸುರ ಸತ್ತುಬಿದ್ದ. ಮೂರು ತಲೆಗಳೂ ಉರುಳಿದವು. ಪಾದದ ಕಲ್ಲು ಕರಗಿದ್ದೇ ಸಾಂತಬ್ಬೆ ಅಳುತ್ತಲೇ ಮುದುಕನ ಕಣ್ಣನ್ನು ಮುಚ್ಚಿದಳು. ಕಲ್ಲಾದವರು ಮೈಮುರಿದು ಎದ್ದರು. ತೀರ ಹಿಂದೆಯೇ ಕಲ್ಲಾಗಿದ್ದ ಕೆಲವರು ಏಳಲಿಲ್ಲ. ಅವರ ಮನೆಯವರು ಸಂಜೆಯವರೆಗೂ ಕಾದು, ಆಮೇಲೆ ಮನೆಗೆ ಹೋದರು.

ಏರುಗಲ್ಲಿನ ಜನ ಮೂರು ಮನೆಗೂ ಹೊಸಬರನ್ನು ಆರಿಸಿ ಕೂರಿಸಿದರು. ಮೂರು ಒಲೆಗಳೂ ಬೇರೆ ಬೇರೆ ಹೊತ್ತಿದವು, ಎಲ್ಲರೂ ನೆಮ್ಮದಿಯಿಂದ ಬಾಳಿದರು. ಸಾಂತಬ್ಬೆಯ ನಂತರ ಅದೇ ಶಾಲೆಯಲ್ಲಿ ಕೇತಲೆ ಪಾಠ ಹೇಳಿದಳು. ಮೊದಲು ಕಲ್ಲಾಗಿದ್ದ ಆ ಬೆರಳು ಮಾತ್ರ ಕಲ್ಲಾಗಿಯೇ ಉಳಿದಿತ್ತು. ಯಾವ ಮಗುವಾದರೂ ತಲೆ ತಗ್ಗಿಸಿ “ತಮ್ಮ ಚಿತ್ತ” ಎಂದರೆ, ಅವಳು ಆ ಬೆರಳಿನಿಂದ ಮಣೆಯ ಮೇಲೆ ಟಕ್ಕೆಂದು ಬಡಿಯುತ್ತಿದ್ದಳು.

“ನನ್ನ ಚಿತ್ತ ಹಾಗಿರಲಿ. ನೀನೇನೋ ಕೇಳಬೇಕು ಅಂತಿದ್ದೆಯಲ್ಲ, ಅದನ್ನ ಕೇಳು.”